ವಸ್ತುಗಳ ಮೂರು ವರ್ಗಗಳೂ ಗೊಬ್ಬರದ ಚೀಲವೂ
(ಅಳ್ನಾವರದಲ್ಲಿ ರೈತರ ಸಭೆಯ ಮುಂದೆ ಮಾಡಿದ ಉಪನ್ಯಾಸ)



ಬಯಲುಸೀಮೆಗೂ ಮಲೆನಾಡಿಗೂ ನಡುವಣ ಸೆರಗಿನಲ್ಲಿರುವ ಈ ಅಳ್ನಾವರದ ಭೂಮಿಯಲ್ಲಿ ಭತ್ತ, ಗೋವಿನಜೋಳ, ಕಬ್ಬುಗಳನ್ನು ಬೆಳೆಯುವ ತಮಗೆ ಗೊಬ್ಬರದ ಚೀಲವು ಅಪರಿಚಿತವಾದುದಲ್ಲ. ಆ ಚೀಲವನ್ನು ಕುರಿತು ರೈತರು ಪದೇಪದೇ ಕೇಳುವ ಪ್ರಶ್ನೆಯೊಂದುಂಟು: “ಯೂರಿಯಾ ಚೀಲದ ತೂಕ 45 ಕಿಲೋ, ಅದರಲ್ಲಿ ಸಾರಜನಕವು ನೂರಕ್ಕೆ 46 ಎಂದು ಅಚ್ಚು ಹಾಕಿದ್ದಾರೆ. ಹಾಗಾದರೆ ಉಳಿದ 54 ಭಾಗ ಏನು? ಮಣ್ಣೋ, ಉಪ್ಪೋ?” ಹಣ ಕೊಟ್ಟವನು ಕೇಳತಕ್ಕ ಪ್ರಶ್ನೆಯೇ ಇದು. ಆದರೆ ಇದಕ್ಕೆ ಸರಿಯಾದ ಉತ್ತರ ದೊರೆಯಬೇಕಾದರೆ ರಸಾಯನಶಾಸ್ತ್ರದವರು ವಸ್ತುಗಳನ್ನು ಹೇಗೆ ವಿಂಗಡಿಸುವರೆಂಬುದನ್ನು ಮೊದಲು ತಿಳಿಯುವುದು ಅವಶ್ಯ.

ವಸ್ತುಗಳನ್ನು ಘನ, ದ್ರವ, ಅನಿಲ ಎಂದು ವಿಂಗಡಿಸುವುದನ್ನು ತಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೀರಿ. ಅದು ವಸ್ತುವಿನ ಸ್ಥಿತಿಯನ್ನು ಹೇಳುವುದೇ ಹೊರತು ಸ್ವರೂಪವನ್ನು ಹೇಳಲಾರದು. ಒಂದೇ ನೀರು ಮಂಜುಗಡ್ಡೆಯೂ ಆಗುವುದು, ಉಗಿಯೂ ಆಗುವುದು. ಇಲ್ಲಿ ಮೇಜಿನ ಮೇಲಿರುವ ಮೂರು ಬಟ್ಟಲುಗಳಲ್ಲಿ ಅಡಿಗೆಯ ಉಪ್ಪು, ಸಕ್ಕರೆ, ಯೂರಿಯಾಗಳಿವೆ. ಮೂರೂ ಘನ, ಮೂರೂ ಬಿಳುಪು, ಮೂರೂ ನೀರಿನಲ್ಲಿ ಕರಗತಕ್ಕವು. ಆದರೆ ಅವುಗಳ ಗುಣವು ಬೇರೆ ಬೇರೆ. ಆದುದರಿಂದ ಇನ್ನೊಂದು ಬಗೆಯ ವಿಂಗಡಣೆ ಬೇಕಾಗುವುದು. ಅದರಂತೆ ವಸ್ತುಗಳು ಮೂಲವಸ್ತು, ಸಂಯುಕ್ತ, ಮಿಶ್ರಣ ಎಂದು ಮೂರು ವರ್ಗಗಳಾಗುವುವು.

ತಮಗೆ ಹೆಚ್ಚು ಪರಿಚಿತವಾದ ಮಿಶ್ರಣದಿಂದಲೇ ಮೊದಲು ಮಾಡುವೆನು. ತಮ್ಮ ಹೊಲದ ಒಂದು ಹಿಡಿ ಮಣ್ಣನ್ನು ಗಾಜಿನ ಲೋಟದ ನೀರಿನಲ್ಲಿ ಕದಡಿ ಇಡಿರಿ. ಮರಳು ಮೊದಲು ತಳ ಸೇರುವುದು. ಅದರ ಮೇಲೆ ಸಣ್ಣ ಕಣಗಳು ಕೂಡುವುವು. ಜಿಗಟು ಮಣ್ಣು ಬಹಳ ಹೊತ್ತು ನೀರಿನಲ್ಲಿಯೇ ತೇಲುವುದು. ಕಸಕಡ್ಡಿ ಮೇಲೆ ನಿಲ್ಲುವುದು. ಇವು ಕೂಡಿದ್ದರೂ ಒಂದಾಗಿರಲಿಲ್ಲ. ಮಿಶ್ರಣದ ಲಕ್ಷಣಗಳು ಮೂರು: ಅದರ ಭಾಗಗಳು ತಮ್ಮ ತಮ್ಮ ಗುಣವನ್ನು ಬಿಡುವುದಿಲ್ಲ, ಅವುಗಳ ಪ್ರಮಾಣಕ್ಕೆ ಕಟ್ಟಳೆಯಿಲ್ಲ, ತೂರುವುದು, ಜರಡಿ ಹಿಡಿಯುವುದು, ಕರಗಿಸುವುದು, ಕಾಯಿಸಿ ಆರಿಸುವುದು ಮೊದಲಾದ ಸಾಮಾನ್ಯ ಉಪಾಯಗಳಿಂದ ಅವು ಬೇರೆಯಾಗುವುವು. ಗಾಣದಿಂದ ಬಂದ ಕಬ್ಬಿನ ಹಾಲು ಕಣ್ಣಿಗೆ ಒಂದೇ ಆಗಿ ಕಂಡರೂ ಮಿಶ್ರಣವೇ ಸರಿ. ಕಾಯಿಸಿದರೆ ನೀರು ಹೋಗಿ ಬೆಲ್ಲ ಉಳಿಯುವುದು.

ಸಂಯುಕ್ತದ ರೀತಿ ಹೀಗಲ್ಲ. ಒಂದು ಚಮಚ ಸಕ್ಕರೆಯನ್ನು ಬಾಣಲೆಯಲ್ಲಿ ಹೊತ್ತುವವರೆಗೆ ಕಾಯಿಸಿದರೆ ಉಗಿ ಎದ್ದು ಕಪ್ಪು ಇದ್ದಲು ಉಳಿಯುವುದು. ಆ ಇದ್ದಲನ್ನು ಯಾರೂ ಸಕ್ಕರೆಯಲ್ಲಿ ಬೆರೆಸಿರಲಿಲ್ಲ. ಇಂಗಾಲ, ಜಲಜನಕ, ಆಮ್ಲಜನಕಗಳೆಂಬ ಮೂರು ವಸ್ತುಗಳು ತಮ್ಮ ಗುಣವನ್ನು ಬಿಟ್ಟು ಸಕ್ಕರೆಯೆಂಬ ಬೇರೊಂದು ವಸ್ತುವಾಗಿದ್ದುವು. ಹೀಗೆ ಕೂಡಿ ಆದುದೇ ಸಂಯುಕ್ತ. ರಾಸಾಯನಿಕ ಕ್ರಮದಿಂದ ಇನ್ನೂ ಸರಳವಾದ ವಸ್ತುಗಳಾಗಿ ಒಡೆಯಲಾರದ ಇಂಗಾಲ, ತಾಮ್ರ, ಗಂಧಕ, ಸಾರಜನಕ ಮುಂತಾದುವು ಮೂಲವಸ್ತುಗಳು. ಫ್ರಾನ್ಸಿನ ಲವಾಸಿಯೇ ಎಂಬ ಪಂಡಿತನು 1789ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 33 ಮೂಲವಸ್ತುಗಳಿದ್ದುವು. ಅವುಗಳಲ್ಲಿ ಸುಣ್ಣವೇ ಮೊದಲಾದ ಕೆಲವು ಸಂಯುಕ್ತಗಳೆಂದು ಆಮೇಲೆ ತಿಳಿದುಬಂದಿತು. ಇಂದು ತಿಳಿದಿರುವ ಮೂಲವಸ್ತುಗಳು 118.

ಸಂಯುಕ್ತದ ಮುಖ್ಯ ಲಕ್ಷಣವನ್ನು ರೈತರು ಚೆನ್ನಾಗಿ ನೆನಪಿನಲ್ಲಿಡತಕ್ಕದ್ದು: ಅದರ ಪ್ರಮಾಣವು ಎಂದಿಗೂ ಬದಲಾಗದು. ಕೆರೆಯದಾಗಲಿ, ಮಳೆಯದಾಗಲಿ, ಶುದ್ಧಮಾಡಿದ ನೀರಿನ 9 ತೂಕದಲ್ಲಿ 8 ತೂಕ ಆಮ್ಲಜನಕ, 1 ತೂಕ ಜಲಜನಕ. ಯೂರಿಯಾ ಸಹ ಸಂಯುಕ್ತವೇ. ಅದರ 60 ತೂಕದಲ್ಲಿ ಸಾರಜನಕ 28, ಆಮ್ಲಜನಕ 16, ಇಂಗಾಲ 12, ಜಲಜನಕ 4 ಇರುವುವು. ಲೆಕ್ಕಹಾಕಿದರೆ ಸಾರಜನಕವು ನೂರಕ್ಕೆ 46ಕ್ಕೆ ತುಸು ಮೇಲೆ ಬರುವುದು. 45 ಕಿಲೋ ಚೀಲದಲ್ಲಿ ಸುಮಾರು 20.7 ಕಿಲೋ ಸಾರಜನಕವಿದ್ದಂತಾಯಿತು. ಇದಕ್ಕಿಂತ ಹೆಚ್ಚು ತುಂಬುವುದು ಯಾವ ಕಾರ್ಖಾನೆಗೂ ಸಾಧ್ಯವಿಲ್ಲ. ಉಳಿದ ಭಾಗವು ಕಲಬೆರಕೆಯಲ್ಲ. ಸಾರಜನಕವನ್ನು ಹಿಡಿದಿಟ್ಟಿರುವ ಜೊತೆಗಾರರು. ಮೂಲವಸ್ತುವಾದ ಸಾರಜನಕವು ತಮ್ಮ ಹೊಲದ ಮೇಲಿನ ಗಾಳಿಯಲ್ಲಿ ನೂರಕ್ಕೆ 78 ಭಾಗವಿದ್ದರೂ ಭತ್ತದ ಪೈರು ಅದನ್ನು ನೇರವಾಗಿ ಉಣ್ಣಲಾರದು. ತೊಗರಿ, ಹೆಸರು ಮುಂತಾದ ದ್ವಿದಳ ಬೆಳೆಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಸಂಯುಕ್ತವನ್ನಾಗಿ ಮಾಡಿಕೊಡುವುವು.

ಹಾಗಾದರೆ ಮೋಸವು ಎಲ್ಲಿ ನುಸುಳುವುದು? ಸಂಯುಕ್ತದ ಒಳಗೆ ಅಲ್ಲ. ಸಂಯುಕ್ತಕ್ಕೆ ಬೇರೊಂದನ್ನು ಬೆರೆಸಿ ಮಿಶ್ರಣ ಮಾಡುವಲ್ಲಿ. ಮಿಶ್ರಣವಾದುದರಿಂದಲೇ ಅದನ್ನು ಹಿಡಿಯಲೂ ಬರುವುದು. ಸಾಮಾನ್ಯ ಯೂರಿಯಾದ ಒಂದು ಚಿಟಿಕೆಯನ್ನು ಬಯಲಿನಲ್ಲಿ, ಹೊಗೆ ಮೂಗಿಗೆ ತಾಗದಂತೆ, ಹಳೆಯ ತಗಡಿನ ಮೇಲೆ ಕಾಯಿಸಿರಿ. ಅದು ಬೇಗನೆ ಕರಗಿ ನೀರಾಗುವುದು. ಉಪ್ಪು ಬೆರೆತಿದ್ದರೆ ಅದು ಕರಗದೆ ಚಟಪಟಗುಟ್ಟುತ್ತ ಹರಳಾಗಿಯೇ ಉಳಿಯುವುದು. ಮರಳು ಬೆರೆತಿದ್ದರೆ ನೀರಿನಲ್ಲಿ ಕದಡಿದಾಗ ತಳದಲ್ಲಿ ಸಿಕ್ಕುವುದು. ಡಿಎಪಿಯ ನಾಲ್ಕು ಕಾಳುಗಳನ್ನು ಅಂಗೈಯಲ್ಲಿಟ್ಟು ಸುಣ್ಣದೊಡನೆ ತಿಕ್ಕಿದರೆ ಮೂಗಿಗೆ ಹೊಡೆಯುವ ಘಾಟು ಏಳಬೇಕು. ಇವು ಸಂಶಯಕ್ಕೆ ಎಡೆಗೊಡುವ ಪರೀಕ್ಷೆಗಳೇ ಹೊರತು ತೀರ್ಪುಗಳಲ್ಲ. ಸಂಶಯ ಬಂದಲ್ಲಿ ಚೀಲವನ್ನೂ ಪಾವತಿಯನ್ನೂ ಜೋಪಾನ ಮಾಡಿ ಕೃಷಿ ಇಲಾಖೆಗೆ ತಿಳಿಸಿರಿ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಮೇರೆಗೆ ಮಾದರಿಯನ್ನು ತೆಗೆದು ಪರೀಕ್ಷಿಸುವ ಅಧಿಕಾರವು ಇಲಾಖೆಯವರಿಗೆ ಉಂಟು.

ಈ ಘಾಟಿನಲ್ಲಿ ಮತ್ತೊಂದು ಪಾಠವಿದೆ. ಸುಣ್ಣ ತಾಗಿದಾಗ ಎದ್ದ ಆ ಘಾಟು ಅಮೋನಿಯಾ ಅನಿಲ. ಅಂದರೆ ತಾವು ಬೆಲೆ ಕೊಟ್ಟು ತಂದ ಸಾರಜನಕವೇ ಗಾಳಿಗೆ ಹೋದಂತೆ. ಆದುದರಿಂದ ಅಮೋನಿಯಂ ಸಲ್ಫೇಟು, ಡಿಎಪಿ ಮುಂತಾದುವನ್ನು ಸುಣ್ಣದೊಡನೆಯಾಗಲಿ ಒಲೆಯ ಬೂದಿಯೊಡನೆಯಾಗಲಿ ಬೆರೆಸಲಾಗದು. ಬರಿಯ ಮಿಶ್ರಣ ಮಾಡುತ್ತೇವೆಂದು ಕೈಯಿಕ್ಕಿದಲ್ಲಿ ಹೊಸ ಸಂಯುಕ್ತ ಹುಟ್ಟಿ ನಷ್ಟವಾಗುವುದು.

ಅದೇ ಕ್ರಿಯೆಯನ್ನು ತಿಳಿದು ಮಾಡಿದರೆ ಲಾಭವೂ ಉಂಟು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ದಕ್ಷಿಣದ ಯಲ್ಲಾಪುರ, ಶಿರಸಿಗಳ ತೋಟಿಗರು ಬಲ್ಲರು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಅಡಿಕೆಯಲ್ಲಿ ಇದರ ಪ್ರಯೋಜನವನ್ನು ತೋರಿಸಿಕೊಟ್ಟರು. ಇಂಗ್ಲಿಷಿನಲ್ಲಿ ಇದರ ಹೆಸರೇ ಮಿಶ್ರಣವೆಂದಿದ್ದರೂ, ಮೈಲುತುತ್ತವೂ ಸುಣ್ಣವೂ ಕೂಡಿ ತಾಮ್ರದ ಹೊಸ ಸಂಯುಕ್ತವಾಗುವುದರಿಂದಲೇ ಅದು ಎಲೆ ಕಾಯಿಗಳನ್ನು ಸುಡದೆ ಅಂಟಿ ನಿಲ್ಲುವುದು. ಒಂದು ಕಿಲೋ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿಯೂ, ಒಂದು ಕಿಲೋ ಸುಟ್ಟ ಸುಣ್ಣವನ್ನು ಅರಳಿಸಿ 50 ಲೀಟರು ನೀರಿನಲ್ಲಿಯೂ ಬೇರೆ ಬೇರೆ ಕಲಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಹೊಯ್ಯತಕ್ಕದ್ದು. ಕಬ್ಬಿಣದ ಪಾತ್ರೆ ಕೂಡದು. ಮಣ್ಣಿನದು, ಮರದ್ದು ಅಥವಾ ಪ್ಲಾಸ್ಟಿಕ್ಕಿನದು ಆಗಬಹುದು. ಬಳಿಕ ಹೊಳಪಿನ ಚಾಕುವನ್ನು ಅದ್ದಿ ನೋಡಿರಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಅದು ಬಿಡುಗಡೆಯಾಗಿ ಬಂದ ಮೂಲವಸ್ತುವಾದ ತಾಮ್ರ. ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸೇರಿಸಿರಿ. ಮಾಡಿದ ದಿನವೇ ಸಿಂಪಡಿಸಿ ಮುಗಿಸಿರಿ.

ಮಹನೀಯರೇ, ಸಂಯುಕ್ತದ ಪ್ರಮಾಣವನ್ನು ಪ್ರಕೃತಿಯೇ ಕಟ್ಟಿದೆ; ಮಿಶ್ರಣದ ಪ್ರಮಾಣವು ಬೆರೆಸುವವನ ಕೈಯಲ್ಲಿದೆ. ಆದುದರಿಂದ ಚೀಲದ ಮೇಲಿನ 46 ಎಂಬ ಅಂಕಿಯನ್ನು ಕಂಡು ಅಂಜಬೇಡಿರಿ. ಹೊಲಿಗೆ ಬಿಚ್ಚಿ ಮತ್ತೆ ಹೊಲಿದ ಚೀಲವನ್ನು ಕಂಡರೆ ಅಂಜಿರಿ. ಅಚ್ಚನ್ನು ಓದದೆ ಗೊಬ್ಬರವನ್ನು ಕೊಳ್ಳಬೇಡಿರಿ, ಪಾವತಿಯಿಲ್ಲದೆ ಹಣವನ್ನು ಕೊಡಬೇಡಿರಿ, ಗುಣವನ್ನು ತಿಳಿಯದೆ ಒಂದರೊಡನೆ ಒಂದನ್ನು ಬೆರೆಸಬೇಡಿರಿ.