ಅಂಚೆಗೆ ಬೇರೊಬ್ಬ ಕಾವಲುಗಾರ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - ನೀವು ಯಾವ ಊರಿನವರೇ ಆಗಿರಿ, ಅಂಕಪಟ್ಟಿ, ಅರ್ಜಿಗಳನ್ನು ಇಮೇಲ್‌ನಲ್ಲಿ ಕಳಿಸುತ್ತೀರಿ. ಅದೇ ದಾರಿಯಲ್ಲಿ ವೈರಸ್ಸೂ ಬರುತ್ತದೆ. 2000ನೇ ಇಸವಿಯ ಮೇ 4ರಂದು ಫಿಲಿಪೈನ್ಸ್‌ನಿಂದ ಹಬ್ಬಿದ 'ಐ ಲವ್ ಯೂ' ವೈರಸ್ ಪ್ರೇಮಪತ್ರದ ವೇಷದಲ್ಲಿ ಬಂದಿತು. ತೆರೆದವರ ಚಿತ್ರಗಳನ್ನು ಹಾಳುಮಾಡಿ, ಅವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತಾನೇ ಹೊರಟಿತು.

ಆದ್ದರಿಂದ ಪತ್ರ ನಮ್ಮ ಕೈಸೇರುವ ಮೊದಲೇ ತಪಾಸಣೆಯಾಗಬೇಕು. ಆದರೆ ಮದುವೆ ಮನೆಯಲ್ಲಿ ಅಡುಗೆಯವರೇ ಬಡಿಸಲೂ ನಿಂತರೆ ಊಟ ತಡವಾಗುವುದಿಲ್ಲವೇ? ಹಾಗೆಯೇ, ಪತ್ರ ಹಂಚುವ ಸರ್ವರ್‌ಗೇ ವೈರಸ್ ಹುಡುಕುವ ಕೆಲಸವನ್ನೂ ಹೊರಿಸಿದರೆ ಪತ್ರಗಳು ಸಾಲುಗಟ್ಟುತ್ತವೆ. ಜಿಪ್ ಕಡತ ಬಿಚ್ಚಿ, ಲಕ್ಷಗಟ್ಟಲೆ ವೈರಸ್ ಗುರುತುಗಳೊಂದಿಗೆ ಹೋಲಿಸುವುದು ಭಾರದ ಕೆಲಸ. ಅದನ್ನು ಜಾಲದಲ್ಲಿರುವ ಬೇರೊಂದು ಸರ್ವರ್‌ಗೆ ವಹಿಸಬಹುದು. ಉಚಿತವಾಗಿ ಸಿಗುವ ಕ್ಲಾಮ್‌ಎವಿ ತಂತ್ರಾಂಶವನ್ನು ಅದರಲ್ಲಿ ಹಾಕಿದರೆ, ಅಂಚೆಯ ಸರ್ವರ್ ಸಾಮಾನ್ಯವಾಗಿ 3310ನೇ ಪೋರ್ಟಿನ ಮೂಲಕ ಪತ್ರವನ್ನು ತೋರಿಸಿ ಉತ್ತರ ಪಡೆಯುತ್ತದೆ. ಹಲವು ಅಂಚೆ ಸರ್ವರ್‌ಗಳಿಗೆ ಇದೊಂದೇ ಸಾಕಾಗಬಹುದು. ಹೊಸ ಗುರುತುಗಳನ್ನೂ ಒಂದೇ ಕಡೆ ತುಂಬಿದರಾಯಿತು.

ಎರಡು ಎಚ್ಚರಿಕೆಗಳಿವೆ. ಆ ಪೋರ್ಟು ಗುಪ್ತಪದ ಕೇಳುವುದಿಲ್ಲ. ಅದನ್ನು ಒಳಜಾಲಕ್ಕೆ ಮಾತ್ರ ತೆರೆದಿಡಬೇಕು. ಇನ್ನೊಂದು, ತಪಾಸಣೆಯ ಸರ್ವರ್ ಕೆಟ್ಟುನಿಂತರೆ ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸಿರಬೇಕು. ಪತ್ರವನ್ನು ತಡೆದಿಡುವುದೇ ಲೇಸು. ತಡವಾದ ಪತ್ರ ನಾಳೆ ತಲುಪೀತು, ಹಾಳಾದ ಅಂಕಪಟ್ಟಿ ಮರಳದು.

ಇಷ್ಟಾದರೂ ಹೊಸ ವೈರಸ್ ನುಸುಳಬಹುದು. ಕೊನೆಯ ಕಾವಲುಗಾರ ನೀವೇ. ಅನುಮಾನ ಬಂದ ಲಗತ್ತನ್ನು ತೆರೆಯುವ ಮೊದಲು ಕಳಿಸಿದವರಿಗೆ ಫೋನ್ ಮಾಡಿ ಕೇಳಿರಿ.