ಹುಡುಕುವ ಹಂಬಲ



ಗಂಡ ದಂಡಿಗೆ ಹೋದ ಮೇಲೆ ಮನೆಯಲ್ಲಿ ಉಳಿದ ಹೆಂಡತಿಯನ್ನು ಕವಿಗಳು ಬಗೆಬಗೆಯಾಗಿ ಬಣ್ಣಿಸಿದ್ದಾರೆ. ಅನ್ನ ನೀರು ಬಿಡಿಸಿದ್ದಾರೆ, ಕೈಬಳೆ ಜಾರುವಷ್ಟು ಸೊರಗಿಸಿದ್ದಾರೆ. ನಿಜವಾದ ಮನೆಗಳಲ್ಲಿ ಹಾಗೆ ಸೊರಗಿ ಕೂರಲು ಆಕೆಗೆ ಪುರುಸೊತ್ತೆಲ್ಲಿ? ಮಕ್ಕಳ ಫೀಸು ಕಟ್ಟಬೇಕು, ಮಾವನ ಔಷಧಿ ತರಬೇಕು, ಹೊಲಕ್ಕೆ ಆಳು ಹುಡುಕಬೇಕು, ಅತ್ತೆ ಧೈರ್ಯಗೆಡದಂತೆ ನೋಡಿಕೊಳ್ಳಬೇಕು. ಕೊಡಗಿನಲ್ಲಿ, ಬೆಳಗಾವಿ, ಧಾರವಾಡ, ವಿಜಯಪುರ ಕಡೆಯ ಹಳ್ಳಿಗಳಲ್ಲಿ ಇಂಥ ಮನೆಗಳು ಎಷ್ಟೋ ಇವೆ.

ಕಾಗದ ಬರೆಯುವ ಕಾಲದಲ್ಲಿ ಆ ಗಂಡನ ವಿಳಾಸದಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ. ಹೆಸರು, ನಂಬರು, ಪಲ್ಟನ್ನು, ಕೊನೆಗೆ ಸೇನೆಯ ಅಂಚೆ ಕಚೇರಿಯ ಗುರುತಾದ 56 ಎ.ಪಿ.ಓ. ಎಂದು ಬರೆದು ಅಂಚೆ ಡಬ್ಬಿಗೆ ಹಾಕಬೇಕು. ಆತ ಹಿಮದಲ್ಲಿದ್ದಾನೋ ಮರಳಿನಲ್ಲಿದ್ದಾನೋ ತಿಳಿಯುವಂತಿಲ್ಲ. ಉತ್ತರ ಬಂದರೆ, ಬರೆದ ದಿನ ಚೆನ್ನಾಗಿದ್ದ ಎಂಬಷ್ಟೇ ಸಮಾಧಾನ. ಆಮೇಲಿನ ದಿನಗಳ ಮಾತು ಮುಂದಿನ ಕಾಗದದಲ್ಲಿ.

ಮುಂದಿನ ಕಾಗದ ಬಾರದೇ ಹೋದರೆ?

1971ರ ಡಿಸೆಂಬರ್ 3ರಂದು ಪಾಕಿಸ್ತಾನದೊಂದಿಗೆ ಯುದ್ಧ ಶುರುವಾಯಿತು. 5ರಂದು ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್ ವಿಜಯ್ ವಸಂತ್ ತಾಂಬೆ ಅವರ ವಿಮಾನ ಶತ್ರುನೆಲದಲ್ಲಿ ಉರುಳಿತು. ಅವರ ಪತ್ನಿ ದಮಯಂತಿ ತಾಂಬೆ ಬ್ಯಾಡ್ಮಿಂಟನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್, ಅರ್ಜುನ ಪ್ರಶಸ್ತಿ ಪಡೆದವರು. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಸೆರೆಸಿಕ್ಕ ಭಾರತೀಯ ಪೈಲಟ್‌ಗಳ ಬಗ್ಗೆ ಅಲ್ಲಿನ ಪತ್ರಿಕೆಯಲ್ಲಿ ಬಂದ ವರದಿಯಲ್ಲಿ ತಾಂಬೆ ಎಂಬುದಕ್ಕೆ ತೀರ ಹತ್ತಿರದ ಹೆಸರೊಂದು ಇತ್ತು. ಆ ಹೆಸರೇ ದಮಯಂತಿಯವರಿಗೆ ಆಸರೆಯಾಯಿತು.

ಡಿಸೆಂಬರ್ 16ಕ್ಕೆ ಯುದ್ಧ ಮುಗಿಯಿತು. ಭಾರತದ ವಶದಲ್ಲಿದ್ದ ಸುಮಾರು 93,000 ಸೆರೆಯಾಳುಗಳು ಕಾಲಕ್ರಮದಲ್ಲಿ ತಮ್ಮ ಮನೆ ಸೇರಿದರು. ಅಲ್ಲಿದ್ದ ನಮ್ಮವರೂ ಮರಳಿ ಬಂದರು. ತಾಂಬೆ ಬರಲಿಲ್ಲ. ಹಾಗೆ ಬಾರದವರು 54 ಮಂದಿ ಎಂಬುದು ನಮ್ಮ ಸರ್ಕಾರದ ಲೆಕ್ಕ. ತನ್ನಲ್ಲಿ ಅಂಥವರು ಯಾರೂ ಇಲ್ಲ ಎಂಬುದು ಪಾಕಿಸ್ತಾನದ ಮಾತು. ಈ ಎರಡರ ನಡುವೆ ಆ ಮನೆಗಳು ಉಳಿದವು.

ದಮಯಂತಿ ತಾಂಬೆ ಮರುಮದುವೆಯಾಗಲಿಲ್ಲ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ದುಡಿದರು. ಕಚೇರಿಗಳಿಗೆ ಅಲೆದರು, ಅಧಿಕಾರಸ್ಥರನ್ನು ಕೇಳಿದರು, ತಮ್ಮಂತೆಯೇ ಕಾಯುತ್ತಿದ್ದ ಕುಟುಂಬಗಳ ಜೊತೆ ನಿಂತರು. 2007ರಲ್ಲಿ ಹದಿನಾಲ್ಕು ಮಂದಿ ಬಂಧುಗಳ ತಂಡ ಪಾಕಿಸ್ತಾನದ ಜೈಲುಗಳಿಗೆ ಹೋಗಿ ಹುಡುಕಿತು. ಅದರಲ್ಲಿ ಅವರೂ ಇದ್ದರು. ಮೂವತ್ತೈದು ವರ್ಷ ಕಳೆದಿತ್ತು. ಯಾರೂ ಸಿಗಲಿಲ್ಲ.

ದಮಯಂತಿ ಎಂಬ ಹೆಸರು ಕೇಳಿದರೆ ನಮಗೆ ಕನಕದಾಸರ ನಳಚರಿತ್ರೆ ನೆನಪಾಗದೆ ಇರದು. ಆ ದಮಯಂತಿಯೂ ಅಳುತ್ತ ಕೂತವಳಲ್ಲ. ಕಾಡಿನಲ್ಲಿ ಬಿಟ್ಟುಹೋದ ನಳನನ್ನು ಹುಡುಕಲು ದಿಕ್ಕುದಿಕ್ಕಿಗೆ ಬ್ರಾಹ್ಮಣರನ್ನು ಅಟ್ಟಿದಳು, ಸುಳಿವು ಸಿಕ್ಕ ಮೇಲೆ ಉಪಾಯ ಹೂಡಿ ಅವನನ್ನು ತನ್ನ ತಂದೆಯ ಊರಿಗೇ ಬರಮಾಡಿಕೊಂಡಳು. ಹಂಬಲವೆಂದರೆ ಮನಸ್ಸಿನ ದೌರ್ಬಲ್ಯ ಎನ್ನುವವರಿದ್ದಾರೆ. ಈ ಇಬ್ಬರನ್ನೂ ನೋಡಿದರೆ ಅದಕ್ಕಿಂತ ಗಟ್ಟಿಯಾದ ಬಲ ಇನ್ನೊಂದಿಲ್ಲ ಅನ್ನಿಸುತ್ತದೆ. ಒಬ್ಬಳಿಗೆ ಫಲ ದೊರೆಯಿತು, ಇನ್ನೊಬ್ಬರಿಗೆ ದೊರೆಯಲಿಲ್ಲ. ಹುಡುಕಾಟದ ಘನತೆ ಮಾತ್ರ ಇಬ್ಬರದೂ ಒಂದೇ.

ಏಳು ವರ್ಷ ಸುದ್ದಿಯೇ ಇಲ್ಲದ ವ್ಯಕ್ತಿಯನ್ನು ತೀರಿಕೊಂಡರೆಂದು ಭಾವಿಸಲು ಕಾನೂನು ಒಪ್ಪುತ್ತದೆ. ಪಿಂಚಣಿಗೆ, ಆಸ್ತಿಗೆ ಅಂಥ ಗಡುವು ಬೇಕಾದೀತು. ಹೆಂಡತಿಯ ಮನಸ್ಸಿಗೆ ಗಡುವು ಹಾಕಲು ನಾವು ಯಾರು? ಸತ್ತ ಸುದ್ದಿ ಬಂದ ಮನೆಯಲ್ಲಿ ಊರೇ ಸೇರಿ ಅಳುತ್ತದೆ. ಸುದ್ದಿಯೇ ಬಾರದ ಮನೆಯಲ್ಲಿ ಜೊತೆಗೂಡಿ ಅಳಲೂ ಒಂದು ದಿನವಿಲ್ಲ. ಆಕೆಯನ್ನು ಅರಿಸಿನ ಕುಂಕುಮಕ್ಕೆ ಕರೆಯಬೇಕೋ ಬೇಡವೋ ಎಂದು ನೆರೆಹೊರೆ ಅನುಮಾನಿಸುತ್ತದೆ. ಆ ಅನುಮಾನ ಆಕೆಯನ್ನು ಎರಡನೇ ಸಲ ಒಂಟಿ ಮಾಡುತ್ತದೆ.

ಯುದ್ಧವನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿ ಇಲ್ಲದಿರಬಹುದು. ಈ ಅನುಮಾನವನ್ನು ನಿಲ್ಲಿಸುವುದು ನಮ್ಮ ಕೈಯಲ್ಲೇ ಇದೆ. ನಮ್ಮ ಬೀದಿಯಲ್ಲಿ ಸೈನಿಕನ ಮನೆಯೊಂದಿದ್ದರೆ, ಟಿವಿಯಲ್ಲಿ ಗಡಿಯ ಗುಂಡಿನ ಸದ್ದು ಕೇಳಿದ ದಿನ ಆ ಮನೆಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರೋಣ. “ಏನಾದರೂ ಸುದ್ದಿ ಬಂತೇ?” ಎಂದು ಕೆದಕುವುದು ಬೇಡ. ಪಿಂಚಣಿ ಕಾಗದಕ್ಕೋ ಸೈನಿಕ ಕಲ್ಯಾಣ ಕಚೇರಿಗೋ ಓಡಾಡುವುದಿದ್ದರೆ ಜೊತೆಗೆ ಹೋಗೋಣ. ಹಬ್ಬಕ್ಕೆ, ಮದುವೆಗೆ, ಅರಿಸಿನ ಕುಂಕುಮಕ್ಕೆ ಮೊದಲು ಕರೆಯುವವರ ಸಾಲಿನಲ್ಲಿ ಆಕೆಯ ಹೆಸರಿರಲಿ. “ಎಷ್ಟು ದಿನ ಅಂತ ಕಾಯ್ತೀಯಮ್ಮಾ, ಮರೆತುಬಿಡು” ಎಂಬ ಮಾತು ಮಾತ್ರ ನಮ್ಮ ಬಾಯಲ್ಲಿ ಬಾರದಿರಲಿ. ಎಷ್ಟು ದಿನ ಕಾಯಬೇಕು ಎಂಬುದನ್ನು ಆಕೆಯೇ ತೀರ್ಮಾನಿಸಲಿ. ಅಷ್ಟು ದಿನವೂ ಆಕೆಯ ಜೊತೆಗಿರುವುದು, ಆಕೆಯ ಗಂಡ ಕಾದ ಗಡಿಯೊಳಗೆ ನೆಮ್ಮದಿಯಾಗಿ ಬಾಳುವ ನಮ್ಮೆಲ್ಲರ ಮೇಲಿರುವ ಋಣ.