ಬಿಸಿಯಾಗದ ಆಂಪ್ಲಿಫಾಯರು

(ಮಗರಪಟ್ಟಾದ ಹೊಟೇಲು ಕೆಲಸಗಾರರ ಕೂಟದಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾನು ಆಡಲಿರುವುದು ಬೋನಸ್ಸಿನ ಮಾತಲ್ಲ, ಪ್ರಾವಿಡೆಂಟ್ ಫಂಡಿನ ಮಾತೂ ಅಲ್ಲ. ಹಾಡು ಕೇಳುವ ಪೆಟ್ಟಿಗೆಯ ಮಾತು. ಹಿಂದಿನ ಬೆಂಚಿನಲ್ಲಿ ಆಗಲೇ ಯಾರೋ ನಗುತ್ತಿದ್ದೀರಿ. ನಗಿರಿ. ಏಳನೆಯ ತರಗತಿ ಮುಗಿಸಿ, ಕುಂದಾಪುರದ ಕಡೆಯಿಂದ ಬಂದು ಕಪ್ಪು-ಬಸಿ ತೊಳೆದವನು ನಾನು. ವಿಜ್ಞಾನ ಹೇಳುವ ಯೋಗ್ಯತೆ ನನ್ನದಲ್ಲ. ಆದರೂ ನಮ್ಮ ಕೋಣೆಯಲ್ಲಿ ನಡೆದದ್ದನ್ನು ಹೇಳಿದರೆ ನಿಮ್ಮ ನಾಲ್ಕು ಕಾಸು ಉಳಿದೀತು.

ನಮ್ಮ ಕೋಣೆಯಲ್ಲಿ ಆರು ಜನ. ಮೂಲೆಯ ಹಾಸಿಗೆ ಕಾಕಾ ಅವರದು. ಸೊಲ್ಲಾಪುರದ ಗಿರಣಿಯೊಂದರಲ್ಲಿ ಮಗ್ಗದ ಖಾತೆಯಲ್ಲಿ ಇಪ್ಪತ್ತೆರಡು ವರ್ಷ ನಿಂತವರು. ಗಿರಣಿಗೆ ಬೀಗ ಬಿದ್ದ ಮೇಲೆ ಇಲ್ಲಿ ವಾಚಮನ್. ಮಗ್ಗದ ಸದ್ದು ಅವರ ಕಿವಿಯನ್ನು ಅರ್ಧ ತಿಂದುಹಾಕಿದೆ. ‘ಸ, ಶ, ತ’ ಅಕ್ಷರಗಳು ಅವರಿಗೆ ಸರಿಯಾಗಿ ಕೇಳಿಸುವುದಿಲ್ಲ. ಗಿರಣಿಯವರಲ್ಲಿ ಎಷ್ಟೋ ಜನರಿಗೆ ಹೀಗೇ. ಮೊದಲು ಹೋಗುವುದು ಎತ್ತರದ ಸ್ವರಗಳೇ. ಅವರಿಗಿದ್ದ ಆಸೆ ಒಂದೇ, ಭೀಮಸೇನ ಜೋಶಿಯವರ ದಾಸರ ಪದಗಳನ್ನು ಚೆನ್ನಾಗಿ ಕೇಳಬೇಕು ಎಂಬುದು.

ಜೋಶಿಯವರು ಗದಗಿನ ಕಡೆಯವರು; ಬಾಳಿದ್ದು ಈ ಪುಣೆಯಲ್ಲಿ, ೨೦೧೧ರಲ್ಲಿ ಕಣ್ಣು ಮುಚ್ಚಿದ್ದೂ ಇಲ್ಲೇ. ಅವರ ಗುರುಗಳು ಸವಾಯಿ ಗಂಧರ್ವರು, ನಮ್ಮ ಕುಂದಗೋಳದವರು. ೧೯೫೩ರಲ್ಲಿ ಅವರ ನೆನಪಿಗಾಗಿ ಮೊದಲಾದ ಸಂಗೀತೋತ್ಸವಕ್ಕೆ ಈ ಊರು ತುಂಬಿ ತುಳುಕುತ್ತದೆ. ರಾತ್ರಿ ಹನ್ನೊಂದಕ್ಕೆ ಟೇಬಲ್ ಒರೆಸುವವನು ಅಲ್ಲಿ ಹೋಗಿ ಕೂಡುವುದು ಹೇಗೆ? ಕೋಣೆಯಲ್ಲೇ ಕೇಳಬೇಕು. ಮೊಬೈಲಿನಲ್ಲಿ ಕೇಳಿದರೆ ತಂಬೂರಿ ಎಂಬುದು ಇದೆಯೋ ಇಲ್ಲವೋ ತಿಳಿಯುವುದಿಲ್ಲ.

ಹೀಗಾಗಿ ವಂತಿಗೆ ಎತ್ತಿ ಹಳೆಯ ಆಂಪ್ಲಿಫಾಯರೊಂದನ್ನು ತಂದೆವು. ಹನ್ನೊಂದು ಕಿಲೋ ಭಾರ. ಮೇ ತಿಂಗಳು, ಆರು ಜನ, ಒಂದೇ ಫ್ಯಾನು. ಅದರ ಜೊತೆಗೆ ದೋಸೆ ಕಾವಲಿಯಂತೆ ಕಾಯುವ ಈ ಪೆಟ್ಟಿಗೆ. ಕಾಕಾ ಒಂದು ದಿನ ತಮ್ಮ ಒದ್ದೆ ಬನಿಯನ್ನನ್ನು ಅದರ ಮೇಲೇ ಒಣಗಹಾಕಿದ್ದರು! ಗಾಳಿಯ ಕಿಂಡಿ ಮುಚ್ಚಿದರೆ ಬೆಂಕಿ ಹತ್ತೀತೆಂದು ನಾನು ಹೆದರಿ ತೆಗೆಸಿದೆ.

ಈ ಮಗರಪಟ್ಟಾ ಮೊದಲು ಕಬ್ಬಿನ ಗದ್ದೆ. ರೈತರೇ ಸುಮಾರು ೪೦೦ ಎಕರೆ ಒಟ್ಟುಗೂಡಿಸಿ ನಗರ ಕಟ್ಟಿದರು. ಈಗ ಇಲ್ಲಿ ಕಂಪ್ಯೂಟರ್ ಆಫೀಸುಗಳು; ಅಲ್ಲಿಯ ಹುಡುಗರೇ ನಮ್ಮ ಗಿರಾಕಿಗಳು. ಧಾರವಾಡ ಕಡೆಯ ಇಂಜಿನಿಯರ್ ಹುಡುಗನೊಬ್ಬ ಇಡ್ಲಿ ತಿನ್ನುತ್ತ ನನ್ನ ಗೋಳು ಕೇಳಿ, “ಅಣ್ಣಾ, ಅದನ್ನ ಮಾರಿಬಿಡ್ರಿ. ಡಿ ವರ್ಗದ್ದು ತಗೋರಿ, ಅಂಗೈಯಷ್ಟ ಇರತದ” ಎಂದ. ‘ಡಿ’ ಎಂದರೆ ಡಿಜಿಟಲ್ ಇರಬೇಕೆಂದು ನಾನು ತಿಳಿದೆ. ಹಾಗಲ್ಲವಂತೆ, ಎ, ಬಿ, ಸಿ ಆದ ಮೇಲೆ ಬಂದ ಅಕ್ಷರ, ಅಷ್ಟೆ.

ಅವನು ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಅಡಿಗೆಮನೆಗೂ ಹಾಲಿಗೂ ನಡುವೆ ಬಾಗಿಲಿದೆಯಲ್ಲ? ಪೂರ್ತಿ ತೆರೆದಿದ್ದರೆ ಹತ್ತು ತಟ್ಟೆ ಹಿಡಿದವನೂ ಸುಖವಾಗಿ ದಾಟುತ್ತಾನೆ. ಪೂರ್ತಿ ಮುಚ್ಚಿದ್ದರೆ ಯಾರೂ ದಾಟುವುದಿಲ್ಲ, ಯಾರಿಗೂ ಬೆವರಿಲ್ಲ. ಬಾಗಿಲು ಅರ್ಧ ತೆರೆದಿದ್ದಾಗಲೇ ತಳ್ಳಾಟ. ಹಳೆಯ ಬಗೆಯ ಆಂಪ್ಲಿಫಾಯರಿನಲ್ಲಿ ಟ್ರಾನ್ಸಿಸ್ಟರು ಅರ್ಧ ತೆರೆದ ಬಾಗಿಲಿನಂತೆ ದುಡಿಯುತ್ತದೆ. ಆ ತಳ್ಳಾಟವೇ ಶಾಖ. ಡಿ ವರ್ಗದಲ್ಲಿ ಅದು ಪೂರ್ತಿ ತೆರೆ, ಪೂರ್ತಿ ಮುಚ್ಚು, ಸೆಕೆಂಡಿಗೆ ಮೂರು-ನಾಲ್ಕು ಲಕ್ಷ ಸಲ. ಹಾಡಿನ ಏರಿಳಿತಕ್ಕೆ ತಕ್ಕಂತೆ ತೆರೆದಿರುವ ಹೊತ್ತು ಹೆಚ್ಚು ಕಡಿಮೆಯಾಗುತ್ತದೆ. ಕೊನೆಗೆ ಒಂದು ಸುರುಳಿ, ಒಂದು ಕೆಪಾಸಿಟರ್ ಸೇರಿ, ಚಹದ ಬಟ್ಟೆ ಪುಡಿಯನ್ನು ತಡೆಯುವಂತೆ, ಆ ಲಕ್ಷದ ಬಡಿತವನ್ನು ತಡೆದು ಹಾಡನ್ನಷ್ಟೇ ಸ್ಪೀಕರಿಗೆ ಬಿಡುತ್ತವೆ.

ಎ ವರ್ಗದ್ದು ಗಿರಾಕಿ ಇರಲಿ ಬಿಡಲಿ ದಿನವಿಡೀ ಉರಿಯುವ ಭಟ್ಟಿಯ ಹಾಗೆ. ಸಾದಾ ಜೋಡಣೆಯಲ್ಲಿ ೧೦೦ಕ್ಕೆ ೨೫ ಪಾಲಿಗಿಂತ ಹೆಚ್ಚು ಅದು ಸ್ಪೀಕರಿಗೆ ಕೊಡಲಾರದು. ಬಿ ವರ್ಗಕ್ಕೆ ಲೆಕ್ಕದ ಮಿತಿ ೭೮. ನಾವು ಕೊಂಡ ಎಬಿ ಬಗೆಯದು ಇನ್ನೂ ಕೆಳಗೆ, ಸಣ್ಣ ಸದ್ದಿನಲ್ಲಂತೂ ಬಹಳ ಕೆಳಗೆ. ಡಿ ವರ್ಗದ್ದು ಪೂರ್ಣ ಶಕ್ತಿಯಲ್ಲಿ ೯೦ರ ಆಸುಪಾಸು. ನಿಜ ಹೇಳಬೇಕೆಂದರೆ, ಕೋಣೆಯ ಹದದ ಸದ್ದಿನಲ್ಲಿ ವಿದ್ಯುತ್ ಬಿಲ್ಲಿನಲ್ಲಿ ಉಳಿಯುವುದು ತಿಂಗಳಿಗೆ ಕೆಲವೇ ಯೂನಿಟ್ಟು. ಅದಕ್ಕಾಗಿ ಕೊಳ್ಳಿರಿ ಎಂದು ನಾನು ಹೇಳಲಾರೆ. ಸೆಕೆ ಇಲ್ಲ, ಭಾರವಿಲ್ಲ, ಟ್ರಂಕಿನ ಮೂಲೆಯಲ್ಲಿ ಹಿಡಿಯುತ್ತದೆ, ಕರೆಂಟು ಹೋದರೆ ಬ್ಯಾಟರಿಯಲ್ಲೂ ಹಾಡುತ್ತದೆ. ಕೋಣೆ ಬದಲಿಸುತ್ತಲೇ ಇರುವ ನಮ್ಮಂಥವರಿಗೆ ಅದೇ ದೊಡ್ಡದು.

ಇದು ಹೊಸ ವಿದ್ಯೆಯೇನೂ ಅಲ್ಲ. ೧೯೬೪ರಲ್ಲೇ ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ ಎಂಬವರು ಎಕ್ಸ್-೧೦ ಎಂಬ ಹೆಸರಿನಲ್ಲಿ ಇದನ್ನು ಮಾರಿದರು. ಆಗಿನ ಟ್ರಾನ್ಸಿಸ್ಟರುಗಳಿಗೆ ಅಷ್ಟು ಬೇಗ ತೆರೆದು ಮುಚ್ಚುವ ಚುರುಕಿರಲಿಲ್ಲ, ಅದು ನಿಲ್ಲಲಿಲ್ಲ. ಮುಂದೆ ಚುರುಕಾದ ಮಾಸ್‌ಫೆಟ್ಟುಗಳು ಬಂದವು. ೧೯೯೫ರಲ್ಲಿ ಹುಟ್ಟಿದ ಅಮೆರಿಕದ ಟ್ರೈಪಾತ್ ಕಂಪನಿಯ ಚಿಪ್ಪುಗಳಿಂದ ಅಗ್ಗದ ಪೆಟ್ಟಿಗೆಗಳೂ ಬಂದವು. ಬೆಲ್ಜಿಯಂ ದೇಶದ ಬ್ರೂನೋ ಪುಟ್ಜೀಸ್ ಎಂಬ ಇಂಜಿನಿಯರರು ಇದರ ದೋಷಗಳನ್ನು ಒಂದೊಂದಾಗಿ ತಿದ್ದಿದ ಮೇಲೆ, ದುಬಾರಿ ಸೆಟ್ಟುಗಳ ಶೋಕಿಯವರೂ ಇದನ್ನು ಹೀಯಾಳಿಸುವುದನ್ನು ಕಡಿಮೆ ಮಾಡಿದ್ದಾರೆ.

ಇನ್ನು ಮೋಸದ ಮಾತು. ಅಂಗಡಿಯೊಂದರಲ್ಲಿ ‘೧೦೦ ವಾಟ್’ ಎಂದು ಬರೆದ ಹಲಗೆಯನ್ನು, ೧೨ ವೋಲ್ಟಿನ ಅಡಾಪ್ಟರಿನೊಡನೆ ನನ್ನ ಕೈಗಿಟ್ಟರು. ಕೊಂಡೆ. ಸ್ವಲ್ಪ ಏರಿಸಿದರೆ ಸ್ವರ ಒಡೆಯಿತು. ಆ ಹುಡುಗ ಬಿಲ್ಲಿನ ಬೆನ್ನ ಮೇಲೆ ಲೆಕ್ಕ ಬರೆದು ತೋರಿಸಿದ: ವೋಲ್ಟನ್ನು ವೋಲ್ಟಿನಿಂದಲೇ ಗುಣಿಸು, ಸ್ಪೀಕರಿನ ಓಮಿನ ಎರಡರಷ್ಟರಿಂದ ಭಾಗಿಸು. ೧೨ಕ್ಕೆ ೧೨, ೧೪೪. ೮ ಓಮಿನ ಸ್ಪೀಕರಿಗೆ ೧೬ರಿಂದ ಭಾಗಿಸಿದರೆ ೯. ಒಂದು ಬದಿಗೆ ಒಂಬತ್ತೇ ವಾಟು, ಅದಕ್ಕಿಂತ ಹೆಚ್ಚು ಶುದ್ಧ ಸ್ವರ ದೇವರು ಬಂದರೂ ಬಾರದು! ಟಿಪಿಎ೩೧೧೬ ಎಂಬ ಒಳ್ಳೆಯ ಚಿಪ್ಪಿಗೂ ಬದಿಗೆ ೫೦ ವಾಟು ಬೇಕಾದರೆ ೨೧ ವೋಲ್ಟು, ೪ ಓಮು ಬೇಕು. ಅಷ್ಟಕ್ಕೇರಿದಾಗ ಸ್ವರ ಒಡೆಯುವುದೂ ಉಂಟು. ಈ ಲೆಕ್ಕವನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿರಿ.

ಆದರೆ ಆ ಒಂಬತ್ತು ವಾಟನ್ನು ಹೀನವೆಂದು ತಿಳಿಯಬೇಡಿರಿ. ಕೋಣೆಯಲ್ಲಿ ಹಾಡು ಕೇಳಲು ಒಂದೆರಡು ವಾಟು ಸಾಕು. ವಾಟು ಹತ್ತರಷ್ಟಾದರೆ ಕಿವಿಗೆ ಸದ್ದು ಎರಡರಷ್ಟು ಮಾತ್ರ. ನಾವು ಬಿಸಾಡಿದ ಲ್ಯಾಪ್‌ಟಾಪಿನ ೧೯ ವೋಲ್ಟಿನ ಚಾರ್ಜರನ್ನು ಹಚ್ಚಿದೆವು. ಹಚ್ಚುವ ಮೊದಲು ಹಲಗೆಗೆ ಅಷ್ಟು ವೋಲ್ಟು ತಾಳುತ್ತದೆಯೇ ನೋಡಿಕೊಳ್ಳಬೇಕು. ಇಂಥ ಹಲಗೆಗಳಲ್ಲಿ ಎರಡು ಸ್ಪೀಕರುಗಳ ಕಪ್ಪು ತಂತಿಗಳನ್ನು ಒಂದಕ್ಕೊಂದು ಸೇರಿಸಬಾರದು. ನಾನು ಸೇರಿಸಿ ಮೊದಲನೆಯದನ್ನು ಸುಟ್ಟೆ. ಅಗ್ಗದವು ಪಕ್ಕದಲ್ಲಿಟ್ಟ ರೇಡಿಯೋದಲ್ಲಿ ಗೊರಗೊರ ಎನ್ನಿಸುತ್ತವೆ, ಅದೂ ನಿಜ. ಹಣ ಉಳಿದರೆ ಆಂಪ್ಲಿಫಾಯರಿಗಲ್ಲ, ಸ್ಪೀಕರಿಗೆ ಹಾಕಿರಿ.

ಇದೇ ವಿದ್ಯೆಯಿಂದ ಹಗುರಾದ ದೈತ್ಯ ಪೆಟ್ಟಿಗೆಗಳೇ ಈಗ ಗಣಪತಿಯ ಮೆರವಣಿಗೆಯಲ್ಲಿ ಎದೆ ಅದುರಿಸುವುದು. ೨೦೦೦ದ ಶಬ್ದ ನಿಯಮಗಳ ಪ್ರಕಾರ ಜನವಸತಿಯಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮಿತಿ. ಗಿರಣಿ ಕಿವಿಯನ್ನು ಕೂಲಿ ಕೊಟ್ಟು ತಿಂದಿತು. ಇಲ್ಲಿ ನಾವೇ ವಂತಿಗೆ ಕೊಟ್ಟು ತಿನ್ನಿಸುತ್ತೇವೆ.

ಕಾಕಾ ಅವರ ಸಂಗತಿ ಉಳಿಯಿತು. ಮೊದಲ ರಾತ್ರಿ ಅವರಿಗೆ ಕೇಳಿಸಲೆಂದು ನಾನು ಸದ್ದು ಏರಿಸುತ್ತಲೇ ಹೋದೆ. ಅವರು ಕೈಯೆತ್ತಿ ತಡೆದು, ಸ್ಪೀಕರನ್ನೇ ಎಳೆದು ತಮ್ಮ ದಿಂಬಿನ ಬಳಿ, ಒಂದು ಮೊಳ ದೂರಕ್ಕೆ ಇಟ್ಟುಕೊಂಡರು. ಗುಂಡಿಯನ್ನು ತಾವೇ ಇಳಿಸಿದರು. ಪಾಳಿ ಮುಗಿಸಿ ಮಲಗಿದ್ದ ಉಳಿದ ನಾಲ್ವರಿಗೆ ಎಚ್ಚರವಾಗಲಿಲ್ಲ. ಅರ್ಧ ತಾಸಿನ ಮೇಲೆ ಕಾಕಾ ಕೇಳಿದರು: “ತಮ್ಮಾ, ಹಿಂದ ಏನೋ ಜುಮ್ ಅಂತದಲ್ಲ, ಅದು ಮಷಿನ್ನಿಂದೇನು?”

“ಅಲ್ಲ ಕಾಕಾ, ತಂಬೂರಿ” ಎಂದೆ.

ಬರುವ ಬುಧವಾರ ಅವರನ್ನು ಕಿವಿಯ ಪರೀಕ್ಷೆಗೆ ಆಸ್ಪತ್ರೆಗೆ ಕರೆದೊಯ್ಯುವುದಿದೆ. ಗಿರಣಿಯಲ್ಲಿ ದುಡಿದವರು ಇನ್ನೂ ಯಾರಾದರೂ ಬರುವುದಿದ್ದರೆ ಸಭೆ ಮುಗಿದ ಮೇಲೆ ನನ್ನ ಹತ್ತಿರ ಹೆಸರು ಬರೆಸಿರಿ.